ಅಣೆಕಟ್ಟು ಮತ್ತು ಅನುಮೋದನೆ

ಹಿಂಸೆಯ ಲಕ್ಷಣವನ್ನು ಹೇಳುವಾಗ ನಮ್ಮ ಆಚಾರ್ಯರು ಪ್ರಾಣಘಾತಕ್ಕೆ ಮೊದಲೇ ಪ್ರಮಾದವನ್ನು ಎಣಿಸಿದ್ದಾರೆ. ಎಚ್ಚರದಿಂದ ನಡೆದರೂ ತಪ್ಪದೆ ಸಂಭವಿಸುವ ಘಾತ ಬೇರೆ. ಎಚ್ಚರಗೇಡಿತನದಿಂದ ಮಾಡುವ ಘಾತ ಬೇರೆ. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಸಂಪೂರ್ಣವಾಗಿ ತಪ್ಪದೆಂದು ಶ್ರಾವಕಾಚಾರವು ಒಪ್ಪುತ್ತದೆ. ಆದರೆ ಆ ಒಪ್ಪಿಗೆಯು ಯತ್ನಾಚಾರಕ್ಕೆ ಒಳಪಟ್ಟದ್ದು. ಬೃಹತ್ ಅಣೆಕಟ್ಟುಗಳನ್ನು ಕುರಿತ ದೀರ್ಘ ವಿವಾದವನ್ನು ಈ ವಿವೇಕದಿಂದ ನೋಡುವ ಸಲುವಾಗಿ, 2000ದ ನವೆಂಬರ್ 16ರಂದು ಲಂಡನ್ನಿನಲ್ಲಿ ಬಿಡುಗಡೆಯಾದ ವಿಶ್ವ ಅಣೆಕಟ್ಟು ಆಯೋಗದ ವರದಿಯನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದೆ.

ಈ ಆಯೋಗದ ಹಿನ್ನೆಲೆಯಲ್ಲಿ ಜನರ ಹೋರಾಟವಿದೆ. ನರ್ಮದಾ ಕಣಿವೆಯ ಆದಿವಾಸಿಗಳೂ ರೈತರೂ ನಡೆಸಿದ ಪ್ರತಿಭಟನೆಯ ಫಲವಾಗಿ ವಿಶ್ವಬ್ಯಾಂಕು ಸರ್ದಾರ್ ಸರೋವರ ಯೋಜನೆಯ ಸ್ವತಂತ್ರ ಪರಿಶೀಲನೆಗೆ ಒಪ್ಪಿತು. 1992ರಲ್ಲಿ ಹೊರಬಂದ ಆ ಪರಿಶೀಲನೆಯು ಪುನರ್ವಸತಿಯಲ್ಲಿಯೂ ಪರಿಸರದ ವಿಚಾರದಲ್ಲಿಯೂ ಗಂಭೀರ ಲೋಪಗಳನ್ನು ತೋರಿಸಿತು. ಮರುವರ್ಷ ಬ್ಯಾಂಕಿನ ನೆರವು ನಿಂತಿತು. ಇಂತಹ ಚಳವಳಿಗಳು ಅನೇಕ ದೇಶಗಳಲ್ಲಿ ಬೆಳೆದ ಮೇಲೆ, 1998ರಲ್ಲಿ ಈ ಆಯೋಗವು ರಚಿತವಾಯಿತು. ದಕ್ಷಿಣ ಆಫ್ರಿಕದ ಕಾದರ್ ಅಸ್ಮಲ್ ಅಧ್ಯಕ್ಷರು. ಗಾಂಧೀವಾದಿ ಲಕ್ಷ್ಮೀಚಂದ್ ಜೈನ್ ಉಪಾಧ್ಯಕ್ಷರು. ನರ್ಮದಾ ಬಚಾವೋ ಆಂದೋಲನದ ಮೇಧಾ ಪಾಟ್ಕರರೂ, ಜಲವಿದ್ಯುತ್ ಯಂತ್ರಗಳನ್ನು ತಯಾರಿಸುತ್ತಿದ್ದ ಎ.ಬಿ.ಬಿ. ಸಂಸ್ಥೆಯ ಮುಖ್ಯಸ್ಥರೂ ಒಂದೇ ಪೀಠದಲ್ಲಿ ಕುಳಿತರು. ಅನೇಕಾಂತವನ್ನು ನಂಬುವವರಿಗೆ ಇದು ಸಾಮಾನ್ಯ ಸಂಗತಿಯಲ್ಲ.

ವರದಿಯ ಹಿರಿಮೆಯಾದರೂ ಏನು? ಅಣೆಕಟ್ಟುಗಳಿಂದ ಆದ ಉಪಕಾರವನ್ನು ಅದು ಅಲ್ಲಗಳೆಯುವುದಿಲ್ಲ. ಆದರೆ ಜಗತ್ತಿನಾದ್ಯಂತ 4ರಿಂದ 8 ಕೋಟಿ ಜನರು ಅವುಗಳಿಂದ ನೆಲೆ ಕಳೆದುಕೊಂಡರೆಂದು ಲೆಕ್ಕ ಹಾಕುತ್ತದೆ. ಲಾಭದ ಆಸೆಯಿಂದ ಸ್ವ-ಇಚ್ಛೆಯಿಂದ ಅಪಾಯಕ್ಕೆ ಒಡ್ಡಿಕೊಳ್ಳುವವರನ್ನೂ, ಕೇಳದೆಯೇ ಅಪಾಯವನ್ನು ಹೊರಬೇಕಾಗಿ ಬಂದವರನ್ನೂ ಅದು ಬೇರ್ಪಡಿಸುತ್ತದೆ. ಅಣೆಕಟ್ಟು ಕಟ್ಟುವ ಮೊದಲು ಬೇರೆ ಮಾರ್ಗಗಳನ್ನು ಪರೀಕ್ಷಿಸಬೇಕು, ಆದಿವಾಸಿಗಳ ತಿಳಿದ ಸಮ್ಮತಿಯನ್ನು ಪಡೆಯಬೇಕು ಎನ್ನುತ್ತದೆ. ನಮ್ಮ ಪರಿಭಾಷೆಯಲ್ಲಿ ಇದು ಯತ್ನಾಚಾರದ ಉಪದೇಶವೇ ಆಗಿದೆ. ಇದನ್ನು ಪಾಲಿಸದೆ ಊರುಗಳನ್ನು ಮುಳುಗಿಸಿ, ಅದನ್ನು ಉದ್ಯೋಗೀ ಹಿಂಸೆಯೆಂದು ಸಮರ್ಥಿಸಿಕೊಳ್ಳುವುದು ಪ್ರಮಾದಕ್ಕೆ ಧರ್ಮದ ಹೆಸರಿಟ್ಟಂತೆ.

ಇನ್ನೊಂದು ನಯವೂ ಉಂಟು. ಕಛ್ ಮತ್ತು ಸೌರಾಷ್ಟ್ರಗಳ ಬಾಯಾರಿಕೆ ಸುಳ್ಳಲ್ಲ. ಅಲ್ಲಿ ನಮ್ಮ ಸಮಾಜದ ಬಂಧುಗಳೂ ಬಹುಸಂಖ್ಯೆಯಲ್ಲಿದ್ದಾರೆ. ವರದಿ ಹೊರಬರುವುದಕ್ಕೆ ತಿಂಗಳೊಳಗೆ, 2000ದ ಅಕ್ಟೋಬರ್ 18ರಂದು, ಸುಪ್ರೀಂ ಕೋರ್ಟು ಬಹುಮತದ ತೀರ್ಪಿನಿಂದ ಸರ್ದಾರ್ ಸರೋವರದ ನಿರ್ಮಾಣಕ್ಕೆ ಅನುಮತಿ ನೀಡಿತು. 2017ರಲ್ಲಿ ಅಣೆಕಟ್ಟು ಲೋಕಾರ್ಪಣೆಗೊಂಡಿತು. ಎಲ್ಲ ಅಣೆಕಟ್ಟೂ ಪಾಪವೆನ್ನುವುದು ಏಕಾಂತವಾದರೆ, ನೀರು ಬಂದಿತಾದ್ದರಿಂದ ಎಲ್ಲವೂ ಸರಿಯೆನ್ನುವುದೂ ಏಕಾಂತವೇ. ಅನೇಕಾಂತವೆಂದರೆ ಎರಡು ಪಕ್ಷಗಳ ನಡುವೆ ಗೆರೆ ಎಳೆದು ಕೈ ತೊಳೆದುಕೊಳ್ಳುವುದಲ್ಲ. ಒಬ್ಬರ ದಾಹ ತೀರಿಸಲು ಇನ್ನೊಬ್ಬರ ಮನೆ ಮುಳುಗಬೇಕಾದರೆ, ಮುಳುಗುವವನ ಮಾತನ್ನು ಮೊದಲು ಕೇಳುವುದೇ ಅದರ ಆಚರಣೆ.

ವರದಿಯ ಕೊರತೆಯನ್ನೂ ಹೇಳಬೇಕು. ಸಹಿ ಹಾಕಿದ ಮೇಲೂ ಪಾಟ್ಕರರು ಅದಕ್ಕೆ ತಮ್ಮ ಪ್ರತ್ಯೇಕ ಟಿಪ್ಪಣಿಯನ್ನು ಜೋಡಿಸಿ, ದೋಷವು ಅಭಿವೃದ್ಧಿಯ ಕಲ್ಪನೆಯಲ್ಲಿಯೇ ಇದೆಯೆಂದು ಸೂಚಿಸಿದರು. ಆ ಆಕ್ಷೇಪ ಸಾಧುವಾದುದು. ವಿದ್ಯುತ್ತಿನ ಬೇಡಿಕೆಯನ್ನು ತಗ್ಗಿಸುವುದನ್ನು ವರದಿಯು ಒಂದು ಉಪಾಯವೆಂದು ಹೇಳುತ್ತದೆ, ಸಂಯಮವೆಂದು ಹೇಳುವುದಿಲ್ಲ. ನದಿಯನ್ನು ಜೀವಜಾಲದ ಆಧಾರವೆಂದು ಕಾಪಾಡಲು ಹೇಳುತ್ತದೆ. ಆದರೆ ನೀರನ್ನೇ ಕಾಯವಾಗಿ ಉಳ್ಳ ಅಪ್ಕಾಯ ಜೀವಗಳವರೆಗೆ ಅದರ ಕರುಣೆ ಚಾಚುವುದಿಲ್ಲ. ಇದನ್ನು ಹೇಳಬೇಕಾದವರು ನಾವು, ನಾವೋ ಸುಮ್ಮನಿದ್ದೇವೆ.

ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ದರ್ಶಿಸಿದ ಶ್ರಾವಕರಿಗೆ ಶರಾವತಿ ಅಪರಿಚಿತ ನದಿಯಲ್ಲ. ಅದೇ ನದಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ನಾಡಿಗೆ ಬೆಳಕು ಬಂದಿತು. ನೆಲೆ ಕಳೆದುಕೊಂಡ ಕುಟುಂಬಗಳಾದರೋ ಅರ್ಧ ಶತಮಾನ ಕಳೆದ ಮೇಲೂ ಭೂಮಿಯ ಹಕ್ಕಿಗಾಗಿ ಬೀದಿಗಿಳಿಯಬೇಕಾಯಿತು. ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2000 ಮೆಗಾವ್ಯಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರಕಾರ ಮುಂದಿಟ್ಟಾಗ ಜನರು ಮತ್ತೆ ವಿರೋಧಿಸಿದರು.

ಕೃತ, ಕಾರಿತ, ಅನುಮೋದನೆಗಳೆಂದು ಕರ್ಮಕ್ಕೆ ಮೂರು ದ್ವಾರಗಳು. ಅಣೆಕಟ್ಟನ್ನು ನಾವು ಕಟ್ಟಲಿಲ್ಲ, ಕಟ್ಟಿಸಲೂ ಇಲ್ಲವೆನ್ನಬಹುದು. ಆದರೆ ರಾತ್ರಿಯೆಲ್ಲ ಉರಿಯುವ ದೀಪಾಲಂಕಾರದ ಕೆಳಗೆ ನಿಂತು, ಮುಳುಗಿದವರ ಸುದ್ದಿಯನ್ನು ಕೇಳಿಯೂ ಕೇಳದಂತಿರುವವನಿಗೆ ಮೂರನೆಯ ದ್ವಾರ ಮುಚ್ಚಿದೆಯೆಂದು ಹೇಳಲಾಗದು. ಪರಿಗ್ರಹ ಪರಿಮಾಣ ವ್ರತವನ್ನು ಕೈಗೊಳ್ಳುವಾಗ ಹೊಲ, ಮನೆ, ಚಿನ್ನಗಳ ಜೊತೆಗೆ ವಿದ್ಯುತ್ತಿಗೂ ಒಂದು ಮಿತಿಯನ್ನು ಹೇಳಿಕೊಳ್ಳುವುದು ಈ ಕಾಲದ ಶ್ರಾವಕನಿಗೆ ತಕ್ಕ ಧರ್ಮವಾಗಿದೆ.