ಕಾಸರಗೋಡಿನ ನಡುಗಡ್ಡೆ, ಕೈರಂಗಳದ ಶಾಲೆ

ಕನ್ನಡವನ್ನು ಯಾರಾದರೂ ಕಾಯಬೇಕಾದೀತು ಎಂಬ ಯೋಚನೆ ನಮ್ಮ ಯಲ್ಲದಕೆರೆ ಕಡೆಯವರಿಗೆ ಸುಲಭಕ್ಕೆ ಬರುವುದಿಲ್ಲ. ಹಿರಿಯೂರು ಸೀಮೆಯಲ್ಲಿ ಮನೆಯೊಳಗೆ ತೆಲುಗು, ಲಂಬಾಣಿ, ಉರ್ದು ಆಡುವ ಮಕ್ಕಳಿದ್ದಾರೆ. ಊರಿನ ಸರ್ಕಾರಿ ಶಾಲೆಗೆ ಬಂದರೆ ಅವರಿಗೂ ಕನ್ನಡವೇ. ಸುತ್ತ ಬೇರೆ ಭಾಷೆಯ ಆಡಳಿತ, ನಡುವೆ ಕನ್ನಡದ ಒಂದೇ ಒಂದು ಶಾಲೆ, ಅದನ್ನು ಉಳಿಸಿಕೊಳ್ಳಲು ಹೊರಟ ಮಕ್ಕಳು. ಇಂಥ ನಡುಗಡ್ಡೆಯನ್ನು ನನಗೆ ತೋರಿಸಿದ್ದು ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. 2018ರ ಆಗಸ್ಟಿನಲ್ಲಿ ತೆರೆಗೆ ಬಂದ ಈ ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಸಿಕ್ಕಿತು.

ಹೆಸರೇ ಶಾಲೆಯ ಗೋಡೆಬರಹದಂತಿದೆ. ದಾನಿಯ ಹೆಸರನ್ನೂ ಬಿಡದೆ ಬರೆಸಿದ ಆ ಬೋರ್ಡಿನ ಪ್ರೀತಿ ಚಿತ್ರದ ಮೊದಲರ್ಧದ ತುಂಬ ಇದೆ. ವಾಸುಕಿ ವೈಭವ್ ಅವರ ಹಾಡುಗಳು ಮಕ್ಕಳ ಬಾಯಿಗೆ ಒಗ್ಗುವಂಥವು. ಮಾತಂತೂ ಪುಸ್ತಕದ್ದಲ್ಲ, ತುಳು ಬೆರೆತ ಕರಾವಳಿಯ ಕನ್ನಡ. ಬಯಲುಸೀಮೆಯ ಕಿವಿಗೆ ಹೊಸದು, ಆದರೂ ಪರಕೀಯವಲ್ಲ.

ಈ ಭಾಗದಲ್ಲಿ ನನಗೆ ಬಹಳ ದೊಡ್ಡದಾಗಿ ಕಂಡದ್ದು ಒಂದು ಗಣಿತದ ಪಾಠ. ಕನ್ನಡ ಶಾಲೆಗೆ ಮಲಯಾಳಂ ಮೇಷ್ಟ್ರು ಬರುತ್ತಾರೆ. ಬೋರ್ಡಿನ ಮೇಲಿನ ಅಂಕಿ ಮಕ್ಕಳಿಗೆ ಗೊತ್ತು, ಅದನ್ನು ವಿವರಿಸುವ ಮಾತು ಗೊತ್ತಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಮಹಾಜನ್ ಆಯೋಗದ ವರದಿ ಹೇಳಿದ್ದು, ಆ ಮಾತು ಕಾಗದದಲ್ಲೇ ಉಳಿದದ್ದು, ಇಷ್ಟೂ ಚರಿತ್ರೆಯ ಭಾರ ಬಿದ್ದಿರುವುದು ಆ ಬೆಂಚುಗಳ ಮೇಲೆ. ಭಾಷಣವಿಲ್ಲದೆ ಅದು ತಿಳಿಯುತ್ತದೆ.

ಆದರೆ ಅದೇ ಮೇಷ್ಟ್ರನ್ನು ಚಿತ್ರ ನಗೆಪಾಟಲು ಮಾಡಿದ್ದು ನನಗೆ ನೋವಿನ ಸಂಗತಿ. ತನಗೆ ಬಾರದ ಭಾಷೆಯ ಶಾಲೆಗೆ ಆದೇಶದ ಮೇಲೆ ಬಂದವನು ಅವನು. ಅವನ ಸಂಕಟಕ್ಕೂ ಒಂದು ದೃಶ್ಯ ಕೊಟ್ಟಿದ್ದರೆ ಮಕ್ಕಳ ಸಿಟ್ಟು ಮನುಷ್ಯನಿಂದ ವ್ಯವಸ್ಥೆಯ ಕಡೆಗೆ ತಿರುಗುತ್ತಿತ್ತು. ಶಾಲೆ ಮುಚ್ಚಿಸುವ ಅಧಿಕಾರಿಯೂ ಹಾಸ್ಯದ ಖಳನಾಗಿಬಿಡುತ್ತಾನೆ.

ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ಶಾಲೆ ಉಳಿಸಿಕೊಳ್ಳಲು ಮಕ್ಕಳು ಮೈಸೂರಿಗೆ ಹೋಗಿ ಅನಂತಪದ್ಮನಾಭರನ್ನು (ಅನಂತ್ ನಾಗ್) ಕರೆತರುವವರೆಗೆ ಸಾಹಸ ಅವರದ್ದೇ. ಅನಂತ್ ನಾಗ್ ಬಂದ ಮೇಲೆ ಚಿತ್ರ ಅವರ ಪಾಲಾಗುತ್ತದೆ. ಶಾಲೆಯ ಪರವಾಗಿ ಕೋರ್ಟಿನಲ್ಲಿ ಮಾಡುವ ದೀರ್ಘ ವಾದದಲ್ಲಿ ಅವರ ಅಭಿನಯಕ್ಕೆ ಕೈಮುಗಿಯಬೇಕು. ಉಸಿರು ಹಿಡಿದು ಕೇಳಿದ್ದೇನೆ. ಆದರೆ ನಡುಗಡ್ಡೆ ಕಾಯಲು ಹೊರಟಿದ್ದ ಮಕ್ಕಳು ಅಷ್ಟರಲ್ಲಿ ನಮ್ಮ ಜೊತೆ ಕೂತು ಕೇಳುವವರಾಗಿರುತ್ತಾರೆ. ಅವರಲ್ಲಿ ಒಬ್ಬರಾದರೂ ಎದ್ದು ನಿಂತು ತೊದಲುತ್ತಲೇ ನಾಲ್ಕು ಮಾತು ಆಡಬೇಕಿತ್ತು.

ಜೊತೆಗೆ, ನಮ್ಮ ಕಡೆ ಶಾಲೆ ಬರಿದಾಗಲು ಮಲಯಾಳಿ ಅಧಿಕಾರಿ ಬೇಕಿಲ್ಲ. ಬೆಳಗಾದರೆ ಊರಬಾಗಿಲಿಗೆ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ವ್ಯಾನು ಬರುತ್ತದೆ, ಅಪ್ಪ ಅಮ್ಮನೇ ಮಗುವನ್ನು ಹತ್ತಿಸುತ್ತಾರೆ. ಅವರನ್ನು ದೂರುವುದೂ ಕಷ್ಟ. ಮಗುವಿನ ನಾಳೆಯ ಚಿಂತೆ ಅವರದ್ದು. ಹೊರಗಿನ ಎದುರಾಳಿಯನ್ನು ಇಟ್ಟುಕೊಂಡ ಚಿತ್ರಕ್ಕೆ ಈ ತಂದೆತಾಯಿಯರ ಮನಸ್ಸಿನೊಳಗೆ ಇಳಿಯುವ ವ್ಯವಧಾನ ಸಿಗಲಿಲ್ಲ.

ಕೊನೆಗೆ, ಚಿತ್ರದ ಹೊರಗಿನ ಒಂದು ಮಾತು: ತೆರೆಯ ಮೇಲೆ ಕಾಸರಗೋಡಿನದೆಂದು ನಾವು ನೋಡಿದ ಆ ಶಾಲೆ ಇರುವುದು ಗಡಿಯ ಈಚೆ, ದಕ್ಷಿಣ ಕನ್ನಡದ ಕೈರಂಗಳದಲ್ಲಿ. ಸಿನಿಮಾ ಗೆದ್ದ ಮೇಲೆ ಅದನ್ನು ಸ್ವತಃ ರಿಷಬ್ ಶೆಟ್ಟಿಯವರೇ ದತ್ತು ತೆಗೆದುಕೊಂಡರು.