ಎಲಿಕ್ಸಿರ್ ಸಲ್ಫನಿಲಮೈಡ್ ವರದಿ: ಒಂದು ವಿಮರ್ಶೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಕೃಷಿಖಾತೆಯ ಕಾರ್ಯದರ್ಶಿಗಳಾಗಿದ್ದ ಹೆನ್ರಿ ವ್ಯಾಲೇಸರು 1937ರ ನವೆಂಬರಿನಲ್ಲಿ ಅಲ್ಲಿಯ ಸೆನೆಟ್ ಸಭೆಗೆ ಒಂದು ಕಿರುವರದಿಯನ್ನು ಒಪ್ಪಿಸಿದರು. ನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಒಂದು ಔಷಧದ ವೃತ್ತಾಂತವದು. ಔಷಧ ನಿಯಂತ್ರಣದ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಈ ಪ್ರಸಂಗವು ತಪ್ಪದೆ ಬರುವುದು. ಬಂದಾಗಲೆಲ್ಲ ಒಂದೇ ಸೂತ್ರದಲ್ಲಿ ಬರುವುದು. ದುರಂತ ಘಟಿಸಿತು, ಜನ ಕ್ಷೋಭೆಗೊಂಡರು, ಶಾಸನ ಹುಟ್ಟಿತು ಎಂಬುದೇ ಆ ಸೂತ್ರ. ನಾವೂ ಹಲವು ವರ್ಷ ತರಗತಿಯಲ್ಲಿ ಇದನ್ನೇ ಹೇಳಿಕೊಂಡು ಬಂದವರು. ಮೂಲ ವರದಿಯನ್ನು ನಿಧಾನವಾಗಿ ಓದಿದಲ್ಲಿ ಆ ಸೂತ್ರವು ನಿಲ್ಲುವುದಿಲ್ಲವೆಂದು ನಮಗೆ ಈಗ ತೋರಿದೆ. ಅದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸಂಗತಿಗಳು ಸಂಕ್ಷೇಪವಾಗಿ ಹೀಗಿವೆ. ಸಲ್ಫನಿಲಮೈಡ್ ಎಂಬ ಔಷಧವು ಗಂಟಲಬೇನೆ ಮೊದಲಾದ ಸೋಂಕುಗಳಿಗೆ ಪುಡಿಯಾಗಿಯೂ ಗುಳಿಗೆಯಾಗಿಯೂ ಬಳಕೆಯಲ್ಲಿದ್ದಿತು. ಕುಡಿಸಲು ಬರುವ ದ್ರವರೂಪಕ್ಕೆ ದಕ್ಷಿಣದ ರಾಜ್ಯಗಳಲ್ಲಿ ಬೇಡಿಕೆಯಿದೆಯೆಂದು ಅರಿತು, ಟೆನೆಸೀ ರಾಜ್ಯದ ಬ್ರಿಸ್ಟಲ್ ಪಟ್ಟಣದ ಮ್ಯಾಸೆಂಗಿಲ್ ಕಂಪನಿಯವರು ಅದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಿಸಿ, ರಾಸ್ಪ್‌ಬೆರಿ ಹಣ್ಣಿನ ರುಚಿ ಕೂಡಿಸಿ ಮಾರಿದರು. ಕಂಪನಿಯ ಪ್ರಯೋಗಶಾಲೆಯು ಅದರ ರುಚಿ, ಬಣ್ಣ, ವಾಸನೆಗಳನ್ನು ಪರೀಕ್ಷಿಸಿತು. ಅದು ವಿಷವೇ ಎಂಬುದನ್ನು ಪರೀಕ್ಷಿಸಲಿಲ್ಲ. ಹಾಗೆ ಪರೀಕ್ಷಿಸಬೇಕೆಂದು ಅಂದಿನ ಕಾನೂನೂ ಕೇಳುತ್ತಿರಲಿಲ್ಲ. 240 ಗ್ಯಾಲನ್ ಸಿದ್ಧವಾಯಿತು. ಸೆಪ್ಟೆಂಬರಿನಿಂದ 633 ರವಾನೆಗಳು ದೇಶದ ನಾನಾ ಕಡೆಗೆ ಹೊರಟುವು. ಕುಡಿದವರಲ್ಲಿ ಹಲವರು ಮೂತ್ರ ನಿಂತುಹೋಗಿ, ಅಸಹ್ಯವಾದ ಹೊಟ್ಟೆನೋವಿನಲ್ಲಿ ಹಲವು ದಿನ ನರಳಿ ಸತ್ತರು. ಅವರಲ್ಲಿ ಮಕ್ಕಳು ಅನೇಕರು. ಅಕ್ಟೋಬರಿನಲ್ಲಿ ಓಕ್ಲಹೋಮಾ ರಾಜ್ಯದ ಟಲ್ಸಾ ನಗರದ ವೈದ್ಯರು ಮೊದಲು ಎಚ್ಚರಿಕೆಯ ಸುದ್ದಿ ಕಳುಹಿಸಿದರು.

ಈಗ ವರದಿಯ ಅತ್ಯಂತ ಸ್ವಾರಸ್ಯವಾದ ಭಾಗಕ್ಕೆ ಬರೋಣ. ಇಷ್ಟು ಜನ ಸತ್ತರೂ, 1906ರ ಶಾಸನದ ಪ್ರಕಾರ ವಿಷವನ್ನು ಮಾರಿದ್ದು ಅಪರಾಧವಾಗಿರಲಿಲ್ಲ. ಅಪರಾಧವಾದದ್ದು ಹೆಸರು! 'ಎಲಿಕ್ಸಿರ್' ಎಂಬ ಶಬ್ದಕ್ಕೆ ಔಷಧಶಾಸ್ತ್ರದಲ್ಲಿ ಆಲ್ಕೊಹಾಲು ಕೂಡಿದ ದ್ರಾವಣವೆಂಬ ಅರ್ಥ ರೂಢಿಯಲ್ಲಿದ್ದಿತು. ಈ ಸೀಸೆಗಳಲ್ಲಿ ಆಲ್ಕೊಹಾಲಿನ ಹನಿಯೂ ಇರಲಿಲ್ಲ. ಆದುದರಿಂದ ಹೆಸರಿನ ಚೀಟಿ ಸುಳ್ಳೆಂಬ ಆಧಾರದ ಮೇಲೆ ಸರಕಾರವು ಸೀಸೆಗಳನ್ನು ಮುಟ್ಟುಗೋಲು ಹಾಕಿತು. ಕಂಪನಿಯವರು ಅದನ್ನು 'ದ್ರಾವಣ' ಎಂದು ಕರೆದಿದ್ದರೆ ಮುಟ್ಟುವುದಕ್ಕೆ ಅಧಿಕಾರವೇ ಇರುತ್ತಿರಲಿಲ್ಲವೆಂದು ವರದಿಯು ಒಪ್ಪಿಕೊಳ್ಳುತ್ತದೆ. ಶಾಸನಗಳ ಪಾಠವನ್ನು ಶಬ್ದಶಃ ತೂಗಿನೋಡುವ ಅಭ್ಯಾಸವುಳ್ಳ ನಮ್ಮಂಥವರಿಗೆ ಇದಕ್ಕಿಂತ ನಡುಗಿಸುವ ಪಾಠವಿಮರ್ಶೆ ಬೇರೊಂದು ಸಿಗಲಾರದು. ಮುಂದೆ ಕಂಪನಿಗೆ ವಿಧಿಸಿದ 26,100 ಡಾಲರುಗಳ ದಂಡವೂ ಹೆಸರಿನ ತಪ್ಪಿಗೇ ಹೊರತು ಸಾವಿಗಲ್ಲ.

ಔಷಧವನ್ನು ಮರಳಿ ತರಿಸಿದ ಬಗೆ ಇನ್ನೂ ಗಮನಾರ್ಹ. ಕಂಪನಿಯು ಮೊದಲು ಕಳುಹಿಸಿದ ತಂತಿಗಳಲ್ಲಿ ದಾಸ್ತಾನನ್ನು ಹಿಂದಕ್ಕೆ ಕಳುಹಿಸಿರೆಂಬ ಮಾತಿದ್ದಿತೇ ವಿನಾ ಏಕೆಂಬುದು ಇರಲಿಲ್ಲ. ಪ್ರಾಣಾಪಾಯವಿದೆಯೆಂದು ಸ್ಪಷ್ಟವಾಗಿ ತಿಳಿಸಿ ಮತ್ತೆ ತಂತಿ ಕಳುಹಿಸುವಂತೆ ಸರಕಾರೀ ಅಧಿಕಾರಿಗಳು ಒತ್ತಾಯ ಮಾಡಬೇಕಾಯಿತು. ಮೊದಲನೆಯ ತಂತಿ ಸರಕನ್ನು ಕುರಿತದ್ದು, ಎರಡನೆಯದು ಮನುಷ್ಯರನ್ನು ಕುರಿತದ್ದು. ಅಷ್ಟಕ್ಕೂ ತಂತಿಯು ಅಂಗಡಿಯವರೆಗೆ ಮಾತ್ರ ತಲಪಬಲ್ಲುದು. ಅಂಗಡಿಯಿಂದ ಮನೆಗೆ ಹೋದ ಸೀಸೆಯನ್ನು ಹಿಡಿಯಲು ಇಲಾಖೆಯ ಇನ್ನೂರಕ್ಕೂ ಮಿಕ್ಕಿದ ಇನ್‌ಸ್ಪೆಕ್ಟರರೂ ರಸಾಯನಜ್ಞರೂ ಬೀದಿಗಿಳಿದರು. ಮಾರಾಟದ ಚೀಟಿ, ವೈದ್ಯರ ಬರಹ, ಪ್ರತಿನಿಧಿಗಳ ಪಟ್ಟಿ ಇವನ್ನು ಹುಡುಕಿ ಒಂದೊಂದೇ ಮನೆಯ ಬಾಗಿಲು ತಟ್ಟಿದರು. ಔಷಧ ಕೊಂಡು ಗುಡ್ಡಗಾಡಿಗೆ ವಲಸೆ ಹೋಗಿದ್ದ ಕುಟುಂಬವೊಂದರ ಮೂರು ವರ್ಷದ ಹುಡುಗನನ್ನು ಪತ್ತೆಹಚ್ಚಲು ವೈದ್ಯರೊಬ್ಬರು ತಮ್ಮ ಮದುವೆಯನ್ನೇ ಮುಂದಕ್ಕೆ ಹಾಕಿ ಅಧಿಕಾರಿಯೊಡನೆ ಹೊರಟರಂತೆ. ಕೊನೆಗೆ 240 ಗ್ಯಾಲನ್ನಿನಲ್ಲಿ 234 ಗ್ಯಾಲನ್ನೂ ಒಂದು ಪೈಂಟೂ ಸಿಕ್ಕಿತು.

ಈ ಲೆಕ್ಕವನ್ನು ಚರಿತ್ರಕಾರರು ಸಾಹಸದ ಗುರುತಾಗಿ ಉಲ್ಲೇಖಿಸುವರು. ಸಾಹಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ತರಗತಿಯಲ್ಲಿ ಇದನ್ನು ಓದಿಸಿದಾಗ ವಿದ್ಯಾರ್ಥಿನಿಯೊಬ್ಬಳು, "ಹಾಗಾದರೆ ಅಷ್ಟು ಜನರನ್ನು ಕೊಂದದ್ದು ಬರೀ ಆರು ಗ್ಯಾಲನ್ನೇ, ಸರ್?" ಎಂದು ಕೇಳಿದಳು. ನಾವು ಅದುವರೆಗೆ ಆ ಅಂಕಿಯನ್ನು ಆ ಕಡೆಯಿಂದ ನೋಡಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಇನ್ನು ವರದಿಯ ಉದ್ದೇಶದ ಮಾತು. ಇದು ನಿರ್ಲಿಪ್ತ ವೃತ್ತಾಂತವೆಂದು ಭಾವಿಸುವುದು ತಪ್ಪು. 1906ರ ಶಾಸನದ ಬದಲಿಗೆ ಹೊಸದೊಂದನ್ನು ತರುವ ಮಸೂದೆಯು 1933ರಿಂದಲೇ ಕಾಂಗ್ರೆಸ್ಸಿನ ಮುಂದೆ ಎಳೆದಾಡುತ್ತಿದ್ದಿತು. ವ್ಯಾಲೇಸರ ವರದಿಯು ಆ ಮಸೂದೆಯ ಪರವಾದ ವಾದಪತ್ರ. ಹೊಸ ಔಷಧಗಳನ್ನು ಮಾರುವ ಮುನ್ನ ಅಪ್ಪಣೆ ಪಡೆಯಬೇಕೆಂಬ ಸಲಹೆಯು ಅದರ ತಿರುಳು. ಮಗಳನ್ನು ಕಳೆದುಕೊಂಡ ಟಲ್ಸಾದ ತಾಯಿಯೊಬ್ಬಳು ಅಧ್ಯಕ್ಷ ರೂಸ್‌ವೆಲ್ಟರಿಗೆ ಬರೆದ ಕಾಗದವೂ ಆ ದಿನಗಳಲ್ಲಿ ಬಹಳ ಪ್ರಚಾರ ಪಡೆಯಿತು. 1938ರ ಜೂನ್ 25ರಂದು ಹೊಸ ಶಾಸನಕ್ಕೆ ಅಂಕಿತ ಬಿದ್ದಿತು. ಐದು ವರ್ಷ ಹೆಣಗಿದ ಮಸೂದೆಯೊಂದು ಕಾದಿರದಿದ್ದರೆ ಆ ಕಣ್ಣೀರು ಎಂಟು ತಿಂಗಳಲ್ಲಿ ಶಾಸನವಾಗುತ್ತಿತ್ತೇ? ದುರಂತವು ಶಾಸನವನ್ನು ಹೆರಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದುದನ್ನು ಒಳಕ್ಕೆ ನೂಕಿತು.

ನಮ್ಮ ದೇಶದ ಚರಿತ್ರೆಯು ಈ ಸೂತ್ರವನ್ನು ಇನ್ನೊಂದು ದಿಕ್ಕಿನಿಂದ ಮುರಿಯುತ್ತದೆ. ಕಲಬೆರಕೆಯ ಕ್ವಿನೈನ್ ಮೊದಲಾದುವುಗಳ ದೂರಿನ ಮೇಲೆ 1930ರಲ್ಲಿ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು; ಮರುವರ್ಷ ವರದಿ ಬಂದಿತು; 1940ರಲ್ಲಿ ಔಷಧ ಶಾಸನವಾಯಿತು. ಅಂದರೆ ಇಲ್ಲಿ ಶಾಸನ ಮೊದಲು ಬಂದಿತು, ದುರಂತಗಳು ಆಮೇಲೆ ಬಂದುವು. ಬಂದದ್ದೂ ಅದೇ ಡೈಎಥಿಲೀನ್ ಗ್ಲೈಕಾಲಿನಿಂದ. 1986ರ ಆರಂಭದಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಔಷಧವೆಂದು ಕೊಟ್ಟ ಗ್ಲಿಸರಿನ್ನಿನಲ್ಲಿ ಈ ವಿಷ ಬೆರೆತು 14 ರೋಗಿಗಳು ಮೃತರಾದರು. ನ್ಯಾಯಮೂರ್ತಿ ಲೆಂಟಿನ್ನರ ಆಯೋಗವು ಆಸ್ಪತ್ರೆಯ ಖರೀದಿಯಿಂದ ಹಿಡಿದು ಔಷಧ ನಿಯಂತ್ರಣಾಧಿಕಾರಿಗಳ ವರೆಗೆ ಇಡೀ ಸರಪಣಿಯನ್ನು ನಿರ್ದಾಕ್ಷಿಣ್ಯವಾಗಿ ಬಿಡಿಸಿತು. ವಿಚಾರಣೆಯ ಕೂಲಂಕಷತೆಯಲ್ಲಿ ಲೆಂಟಿನ್ ವರದಿಯು ವ್ಯಾಲೇಸರದಕ್ಕಿಂತ ಎಷ್ಟೋ ಮೇಲು. ಆದರೂ 1998ರಲ್ಲಿ ಗುರುಗ್ರಾಮದಲ್ಲಿ, 2019-20ರಲ್ಲಿ ಜಮ್ಮುವಿನ ರಾಮನಗರದಲ್ಲಿ ಮಕ್ಕಳು ಇದೇ ವಿಷಕ್ಕೆ ತುತ್ತಾದರು. 2022ರಲ್ಲಿ ಇಲ್ಲಿಂದ ರಫ್ತಾದ ಕೆಮ್ಮಿನ ಔಷಧವನ್ನು ಕುಡಿದ ಗ್ಯಾಂಬಿಯಾ ದೇಶದ ಸುಮಾರು 70 ಮಕ್ಕಳ ಸಾವಿಗೂ ಅದೇ ಕಾರಣವೆಂದು ತನಿಖೆಗಳು ಹೇಳಿದುವು. ಅಲ್ಲಿ ರೆಡ್ ಕ್ರಾಸ್ ಕಾರ್ಯಕರ್ತರು ಸೀಸೆಗಳನ್ನು ಹುಡುಕಿಕೊಂಡು ಮನೆಮನೆಗೆ ನಡೆದರು. 1937ರ ಇನ್‌ಸ್ಪೆಕ್ಟರರು ನಡೆದ ದಾರಿಯೇ ಅದು. ಎಂಬತ್ತೈದು ವರ್ಷಗಳ ಬಳಿಕ ಬೇರೆ ದಾರಿ ಯಾರಿಗೂ ಹೊಳೆದಿರಲಿಲ್ಲ.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಅಸುನೀಗಿದರು. ಪರೀಕ್ಷೆಯಾದ ಮೊದಲ ಕೆಲವು ಮಾದರಿಗಳಲ್ಲಿ ವಿಷವಿಲ್ಲವೆಂದು ಪ್ರಕಟವಾದ ಮೇಲೆ, ತಮಿಳುನಾಡಿನ ಪ್ರಯೋಗಾಲಯವು ಕೋಲ್ಡ್ರಿಫ್ ಎಂಬ ಔಷಧದಲ್ಲಿ ಪ್ರತಿಶತ 48.6ರಷ್ಟು ವಿಷವನ್ನು ಕಂಡುಹಿಡಿಯಿತು. ನಮ್ಮ ರಾಜ್ಯಕ್ಕೂ ಈ ಬಗೆಯ ಗೊಂದಲ ಹೊಸದಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದ ಬಾಣಂತಿಯರು ಮೃತರಾದಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿದ್ದಿತು. ಅದೇ ತಯಾರಕರ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯವು ಮೊದಲೇ ಕಳಪೆಯೆಂದಿದ್ದಿತು. ಕೇಂದ್ರದ ಪ್ರಯೋಗಾಲಯವು ಸರಿಯಾಗಿವೆಯೆಂದಿದ್ದಿತು. ಸಾವುಗಳಿಗೆ ದ್ರಾವಣವೇ ಕಾರಣವೆಂದು ತೀರ್ಪುಕೊಡುವುದು ನಮ್ಮ ಕೆಲಸವಲ್ಲ. ಎರಡು ಪ್ರಯೋಗಾಲಯಗಳು ಎರಡು ಮಾತನಾಡಿದಾಗ ಉಗ್ರಾಣದ ಪೆಟ್ಟಿಗೆಯು ರೋಗಿಯ ಮಂಚದ ಕಡೆಗೆ ಹೊರಡಬೇಕೋ ಬೇಡವೋ ಎಂಬ ಪ್ರಶ್ನೆ ಮಾತ್ರ ನಮ್ಮದು. ವಾಪಸು ತರಿಸುವ ವಿಧಾನವನ್ನು ಕುರಿತು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯು 2012ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತ್ತು. ಮಾರ್ಗಸೂಚಿಯು ನಡೆದುಕೊಂಡು ಹೋಗಿ ಬಾಗಿಲು ತಟ್ಟಲಾರದು.

ಸಂಶೋಧಕರಿಗೆ ಒಂದು ಸೂಚನೆಯನ್ನು ಇಲ್ಲಿಯೇ ಸೇರಿಸಬಹುದು. 234 ಗ್ಯಾಲನ್ನೂ ಒಂದು ಪೈಂಟೂ ಎಂದು ಬರೆಯಲು ಸಾಧ್ಯವಾದದ್ದು ಯಾವುದೋ ಹಳ್ಳಿಯ ಅಂಗಡಿಯಾತ ಮಾರಾಟದ ಚೀಟಿಯನ್ನು ಇಟ್ಟುಕೊಂಡಿದ್ದರಿಂದ. ನಮ್ಮಲ್ಲಿ ಕೆಮ್ಮಿನ ಔಷಧವು ಎಷ್ಟೋ ವೇಳೆ ರಸೀತಿಯಿಲ್ಲದೆ ಕೈಬದಲಾಗುವುದು. ಜಿಲ್ಲಾಸ್ಪತ್ರೆಗಳ ಉಗ್ರಾಣದ ರಿಜಿಸ್ಟರುಗಳನ್ನೂ ಇಂಡೆಂಟ್ ಪುಸ್ತಕಗಳನ್ನೂ ರದ್ದಿಗೆ ಹಾಕುವ ಮುನ್ನ ಒಮ್ಮೆ ಪತ್ರಾಗಾರದವರಿಗೆ ತೋರಿಸುವಂತಾದರೆ, ಮುಂದೆ ಈ ಚರಿತ್ರೆಯನ್ನು ಬರೆಯುವವರಿಗೆ ಆಯೋಗಗಳ ವರದಿಗಳ ಹೊರಗೂ ಒಂದಿಷ್ಟು ಆಧಾರ ದೊರೆಯುವುದು.