ಕುಂಬ್ಳೆಯ ಕೌಂಟಿ ಬೇಸಿಗೆ

ಆದವಾನಿಯ ಹತ್ತಿ ಮಾರುಕಟ್ಟೆಯ ಸುತ್ತಲಿನ ನಮ್ಮಂಥ ಕನ್ನಡಿಗರಿಗೆ ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ ಎಂದರೆ ಪತ್ರಿಕೆಯ ಮೂಲೆಯಲ್ಲಿನ ಸಣ್ಣಕ್ಷರದ ಸ್ಕೋರು. 1995ರಲ್ಲಿ ಅಲ್ಲಿ ನಮ್ಮವರೇ ಇಬ್ಬರಿದ್ದರು: ಗ್ಲೌಸ್ಟರ್‌ಶೈರ್ ತಂಡದಲ್ಲಿ ಶ್ರೀನಾಥ್, ನಾರ್ಥಾಂಪ್ಟನ್‌ಶೈರ್‌ನಲ್ಲಿ ಕುಂಬ್ಳೆ. ಶ್ರೀನಾಥ್ 87 ವಿಕೆಟ್ ಕಿತ್ತರೆ, ಕುಂಬ್ಳೆ 105! ಎತ್ತರದಿಂದ ಇಳಿಯುವ ತೋಳು. ಹೆಚ್ಚು ತಿರುಗದೆ, ಪುಟಿದು ಸರ್ರನೆ ನುಗ್ಗಿ ಪ್ಯಾಡಿಗೆ ಬಡಿಯುವ ಚೆಂಡು. ಆ ವರ್ಷ ಇಂಗ್ಲೆಂಡಿನಲ್ಲೂ ಬಿಸಿಲು ಜೋರಾಗಿತ್ತು ನಿಜ, ಆದರೂ ನಾಲ್ಕು ದಿನಗಳ ಪಂದ್ಯಗಳಲ್ಲಿ ಓವರಿನ ಮೇಲೆ ಓವರ್ ಹಾಕಿ, ಬೆವರು ಸುರಿಸಿ ಗಳಿಸಿದ ವಿಕೆಟ್‌ಗಳವು.

2003ರಲ್ಲಿ ಟಿ20 ಹುಟ್ಟಿದ್ದೂ ಅದೇ ಕೌಂಟಿಗಳ ಅಂಗಳದಲ್ಲಿ. ಅಲ್ಲಿ ಬೌಲರ್ ಪಾಲಿಗೆ ನಾಲ್ಕೇ ಓವರ್. ಆಟಕ್ಕೆ ರಂಗು ಬಂದಿದೆ, ಒಪ್ಪೋಣ. ಆದರೆ ಬೌಲರನ ತಾಳ್ಮೆಯನ್ನು ಇಡೀ ಬೇಸಿಗೆ ಒರೆಗೆ ಹಚ್ಚುತ್ತಿದ್ದ ಆ ಆಟವೇ ದೊಡ್ಡದು.